ಐದು ಬಂದ ಚಳಿಗಾಲ

ಮಾರ್ಚ್ ತಿಂಗಳ ಒಂದು ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದಳು, ‘ರಿಸಲ್ಟ್ ಬಂತೇನೋ?’

‘ಬಂತಮ್ಮ.’

‘ಎಷ್ಟು?’

‘ಐದು.’

ಆಚೆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಅಮ್ಮ ಅಂದಳು, ‘ಜನವರಿಲಿ ಒಂದೂ ಮುಕ್ಕಾಲೋ ಏನೋ ಬಂದಿತ್ತಲ್ಲ, ಈಗ ಐದಾ! ಒಳ್ಳೇದಾಯ್ತು ಬಿಡು ಮಗ. ದೇವರು ದೊಡ್ಡವನು.’

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಅಂಕದ ಏಣಿ ತಲೆಕೆಳಗು. 1.0 ಅಂದರೆ ಎಲ್ಲಕ್ಕಿಂತ ಮೇಲು. 4.0 ಅಂದರೆ ಅಂತೂ ಇಂತೂ ಪಾಸು. 5.0 ಅಂದರೆ ಫೇಲ್. ಜನವರಿಯಲ್ಲಿ ಜರ್ಮನ್ ಭಾಷೆಯ ಕಿರುಪರೀಕ್ಷೆಯಲ್ಲಿ ಬಂದ 1.7 ಒಳ್ಳೆಯ ಅಂಕವಾಗಿತ್ತು. ಈಗ ಬಂದ ಐದು, ಅದರ ಕೆಳಗೆ ಇಳಿಯಲು ಮೆಟ್ಟಿಲೇ ಇಲ್ಲದ ಅಂಕ. ಅಮ್ಮನಿಗೆ ಅಲ್ಲೇ ತಿದ್ದಿ ಹೇಳಬಹುದಿತ್ತು. ಬಾಯಿ ಬರಲಿಲ್ಲ. ‘ಹೂಂನಮ್ಮ’ ಎಂದು ಫೋನಿಟ್ಟೆ. ಮುಂದಿನ ಆರು ತಿಂಗಳು ಆ ಐದನ್ನು ಹೊತ್ತುಕೊಂಡೇ ತಿರುಗಿದೆ.

ಇದು 2018ರ ಮಾತು. ಅದರ ಹಿಂದಿನ ಅಕ್ಟೋಬರ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆಂದು ಪೂರ್ವ ಜರ್ಮನಿಯ ಒಂದು ಮಧ್ಯಮ ಗಾತ್ರದ ಊರಿಗೆ ಹೋಗಿದ್ದೆ. ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಾರಿ ಬದುಕುವ ಮನೆ. ಆ ಮನೆಯ ಪತ್ರ ಸಾಲಕ್ಕಾಗಿ ಬ್ಯಾಂಕಿನ ಕಪಾಟು ಸೇರಿತ್ತು. ಆಗ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 17,000. 2023-24ರ ಚಳಿಗಾಲದ ಸೆಮಿಸ್ಟರ್‌ಗೆ ಆ ಸಂಖ್ಯೆ 49,000 ದಾಟಿತು. ಚೀನಾದವರನ್ನು ಹಿಂದೆ ಹಾಕಿ ಅಲ್ಲಿನ ಅತಿ ದೊಡ್ಡ ವಿದೇಶಿ ವಿದ್ಯಾರ್ಥಿ ಸಮುದಾಯ ಈಗ ನಮ್ಮದೇ. ವೀಸಾಕ್ಕಾಗಿ ಮೊದಲೇ ಕಟ್ಟಿಡಬೇಕಾದ ಬ್ಲಾಕ್ಡ್ ಅಕೌಂಟಿನಿಂದ ನನಗೆ ತಿಂಗಳಿಗೆ 720 ಯೂರೊ ಕೈಗೆ ಬರುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಅದು 992 ಯೂರೊ, ಅಂದರೆ ವರ್ಷಕ್ಕೆ 11,904 ಯೂರೊ. ಹೋಗುವವರು ಹೆಚ್ಚಾದಷ್ಟೂ, ಹೋದ ಮೇಲೆ ಮುಗ್ಗರಿಸುವವರೂ ಹೆಚ್ಚಾಗಿರಲೇಬೇಕು. ಅವರ ಸುದ್ದಿ ಮಾತ್ರ ಊರಿಗೆ ಬರುವುದಿಲ್ಲ. ಏರ್‌ಪೋರ್ಟಿನ ಫೋಟೊ ಬರುತ್ತದೆ, ಘಟಿಕೋತ್ಸವದ ಫೋಟೊ ಬರುತ್ತದೆ, ನಡುವೆ ಖಾಲಿ.

ಬಿದ್ದು ಎದ್ದವರ ಕಥೆ ಬರೆಯುವಾಗ ನಮ್ಮಲ್ಲಿ ಒಂದು ಪದ ತಪ್ಪದೆ ಬರುತ್ತದೆ: ಛಲ. ನನಗೆ ಆ ಪದದ ಮೇಲಿನ ನಂಬಿಕೆ ಹೋಗಿದೆ. ನಾನು ಮುಳುಗಿದ್ದೇ ಛಲದಿಂದ. ಮೊದಲ ಸೆಮಿಸ್ಟರ್‌ನಲ್ಲೇ ಆರು ವಿಷಯ ಮುಗಿಸುತ್ತೇನೆ ಎಂಬ ಛಲ, ಯಾರ ಹತ್ತಿರವೂ ಕೇಳುವುದಿಲ್ಲ ಎಂಬ ಛಲ, ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂಬ ಛಲ. ಎದ್ದದ್ದು ಲೆಕ್ಕದಿಂದ. ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಯಾವ ಕಾಗದಕ್ಕೆ ಯಾವ ತಾರೀಕು, ಯಾವ ಪರೀಕ್ಷೆ ಈಗ, ಯಾವುದು ಮುಂದಕ್ಕೆ. ಓದಲು ಬೇಸರವೆನಿಸುವ ಸಂಗತಿಗಳೇ ಇವೆಲ್ಲ.

ಮೊದಲು ಕತ್ತಲೆಯ ಲೆಕ್ಕ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಹಗಲು ಹೆಚ್ಚುಕಡಿಮೆ 11 ಗಂಟೆ 20 ನಿಮಿಷ. ವರ್ಷದ ಅತಿ ಚಿಕ್ಕ ಹಗಲಾದರೂ ನಮಗದು ಗೊತ್ತೇ ಆಗುವುದಿಲ್ಲ. ಅದೇ ದಿನ ಬರ್ಲಿನ್‌ನಲ್ಲಿ ಹಗಲು 7 ಗಂಟೆ 40 ನಿಮಿಷದಷ್ಟು. ಎಂಟೂಕಾಲಿಗೆ ಹುಟ್ಟಿದ ಸೂರ್ಯ ನಾಲ್ಕಾಗುವ ಮೊದಲೇ ಮುಳುಗುತ್ತಾನೆ. ಹುಟ್ಟಿದ್ದಾನೆ ಎಂಬುದೂ ಪಂಚಾಂಗದ ಮಾತು, ಮೋಡದ ಹಿಂದೆ ಅವನನ್ನು ನೋಡಿದವರಿಲ್ಲ. ಬೆಳಿಗ್ಗೆ ಕತ್ತಲಲ್ಲಿ ತರಗತಿಗೆ ಹೋಗಿ ಸಂಜೆ ಕತ್ತಲಲ್ಲಿ ಕೋಣೆಗೆ ಬರುತ್ತಿದ್ದೆ. ಇದು ಬರೀ ಬೇಸರದ ವಿಷಯವಲ್ಲ. ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು 1976ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಹೆಚ್ಚಿನ ತರಬೇತಿಗೆ ಹೋದರು. ಚಳಿಗಾಲ ಬಂದಾಗ ತಮ್ಮ ಮೈಯ ಶಕ್ತಿಯೇ ಸೋರಿಹೋಗುವುದನ್ನೂ ವಸಂತದಲ್ಲಿ ಮರಳುವುದನ್ನೂ ಕಂಡರು. 1984ರಲ್ಲಿ ಅವರೂ ಸಹೋದ್ಯೋಗಿಗಳೂ ಅದನ್ನು ಋತುಮಾನದ ಖಿನ್ನತೆ ಎಂದು ವಿವರಿಸಿದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರಿಸುವ ಚಿಕಿತ್ಸೆ ಆಮೇಲೆ ರೂಢಿಗೆ ಬಂತು. ದೂರದ ಬಿಸಿಲಿನ ನಾಡಿನಿಂದ ಓದಲು ಬಂದವನೊಬ್ಬನ ಕಷ್ಟವೇ ಒಂದು ಕಾಯಿಲೆಗೆ ಹೆಸರು ತಂದುಕೊಟ್ಟಿತು ಎಂಬುದು ಗೊತ್ತಿದ್ದರೆ ಆ ಚಳಿಗಾಲದಲ್ಲಿ ನನ್ನನ್ನು ನಾನು ಸೋಮಾರಿ ಎಂದು ಅಷ್ಟು ಬೈದುಕೊಳ್ಳುತ್ತಿರಲಿಲ್ಲವೇನೋ.

ಫೆಬ್ರುವರಿಯಲ್ಲಿ ಪರೀಕ್ಷೆ. ಕಂಟಿನ್ಯೂಮ್ ಮೆಕ್ಯಾನಿಕ್ಸ್ ಎಂಬ ಟೆನ್ಸರ್‌ಗಳ ಕಾಡಿನಲ್ಲಿ ದಾರಿ ತಪ್ಪಿತು. ಇನ್ನೊಂದು ಪರೀಕ್ಷೆಯ ದಿನ ಜ್ವರ. ಹೋಗಲಿಲ್ಲ, ಅಷ್ಟೇ. ಮಾರ್ಚ್‌ನಲ್ಲಿ ಎರಡಕ್ಕೂ 5.0. ಬರೆಯದ ಪರೀಕ್ಷೆಗೂ ಐದು ಯಾಕೆ ಎಂಬುದು ಆಗ ತಿಳಿಯಲಿಲ್ಲ, ತಿಳಿಯುವ ಉತ್ಸಾಹವೂ ಇರಲಿಲ್ಲ. ಏಪ್ರಿಲ್‌ನಲ್ಲಿ ಹೊಸ ಸೆಮಿಸ್ಟರ್ ಶುರುವಾಯಿತು, ನಾನು ಶುರುವಾಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಏಳುವುದು, ಬ್ರೆಡ್ಡಿಗೆ ಜಾಮ್ ಸವರಿ ತಿನ್ನುವುದು, ಬೆಳಗಿನ ಜಾವದವರೆಗೆ ಹಳೆಯ ಕನ್ನಡ ಸಿನಿಮಾಗಳ ಕಾಮಿಡಿ ದೃಶ್ಯ ನೋಡುವುದು. ನಗು ಬರುತ್ತಿರಲಿಲ್ಲ. ಕೆಳಗಿನ ಅಂಚೆ ಡಬ್ಬಿ ತುಂಬುತ್ತಿತ್ತು. ಜರ್ಮನಿಯಲ್ಲಿ ಎಲ್ಲವೂ ಕಾಗದದಲ್ಲೇ ಬರುತ್ತದೆ: ವಿಮೆ, ಬ್ಯಾಂಕು, ಪರೀಕ್ಷಾ ಕಚೇರಿ, ಪುರಸಭೆ. ಲಕೋಟೆ ನೋಡಿದರೆ ಎದೆ ಡವಗುಟ್ಟುತ್ತಿತ್ತು. ಒಡೆಯದೆ ಮೇಜಿನ ಖಾನೆಗೆ ಹಾಕಿ ಮುಚ್ಚುತ್ತಿದ್ದೆ.

ಪ್ರತಿ ಭಾನುವಾರ ವಿಡಿಯೊ ಕರೆಗೆ ಮಾತ್ರ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಹಿಂದೆ ಪುಸ್ತಕ ಕಾಣುವಂತೆ ಕೂರುತ್ತಿದ್ದೆ. ‘ಊಟ ಆಯ್ತಾ?’ ‘ಆಯ್ತು.’ ‘ಚೆನ್ನಾಗಿದ್ದೀಯಾ?’ ‘ಚೆನ್ನಾಗಿದ್ದೀನಿ.’ ವಾರಕ್ಕೆ ಅರ್ಧ ಗಂಟೆಯ ಈ ನಾಟಕಕ್ಕೆ ಉಳಿದ ವಾರದ ಶಕ್ತಿಯೆಲ್ಲ ಖರ್ಚಾಗುತ್ತಿತ್ತು.

ವಿದೇಶಕ್ಕೆ ಹೋದವರ ಈ ಕುಸಿತದ ಬಗ್ಗೆ ಎಪ್ಪತ್ತು ವರ್ಷದಿಂದ ಜನ ಬರೆಯುತ್ತಿದ್ದಾರೆ. ಫಿನ್ಲೆಂಡ್ ಮೂಲದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಿಂದ ‘ಕಲ್ಚರ್ ಶಾಕ್’ ಎಂಬ ಮಾತು ಹಬ್ಬಿತು. ಮರುವರ್ಷ ನಾರ್ವೆಯ ಸ್ವೆರೆ ಲಿಸ್‌ಗಾರ್ಡ್, ಅಮೆರಿಕಕ್ಕೆ ಹೋಗಿಬಂದಿದ್ದ ತನ್ನ ದೇಶದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದವರನ್ನು ಮಾತಾಡಿಸಿ ಒಂದು ಚಿತ್ರ ಕೊಟ್ಟ: ಆರು ತಿಂಗಳೊಳಗೆ ಮರಳಿದವರು ಹಾಯಾಗಿದ್ದರು, ಒಂದೂವರೆ ವರ್ಷ ದಾಟಿದವರೂ ಹೊಂದಿಕೊಂಡಿದ್ದರು, ನಡುವೆ ಇದ್ದವರದೇ ಕಷ್ಟ. ಇಂಗ್ಲಿಷ್‌ನ ಯು ಅಕ್ಷರದಂತೆ ಇಳಿದು ಏರುವ ಗೆರೆ. ವಿದೇಶಿ ವಿದ್ಯಾರ್ಥಿಗಳಿಗೆ ಮೊದಲ ವಾರ ಕೊಡುವ ತಿಳಿವಳಿಕೆ ಪಾಠಗಳಲ್ಲಿ ಈ ಗೆರೆಯನ್ನು ಇವತ್ತಿಗೂ ಬರೆದು ತೋರಿಸುತ್ತಾರೆ. ನನಗೂ ತೋರಿಸಿದ್ದರು. ಆದರೆ 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಹಿಂಬಾಲಿಸಿ ನೋಡಿದಾಗ, ಅತಿ ಹೆಚ್ಚು ಕಷ್ಟ ಕಂಡದ್ದು ಕಾಲಿಟ್ಟ ಆರಂಭದಲ್ಲೇ. ಮೊದಲ ದಿನಗಳ ಹಾಯಿಯೇ, ಆ ‘ಮಧುಚಂದ್ರ’ವೇ ಇರಲಿಲ್ಲ. ಅಂದರೆ ಎಲ್ಲರಿಗೂ ಒಂದೇ ಗೆರೆ ಎಂಬುದಿಲ್ಲ. ನನಗೆ ಈ ವಿಷಯದಲ್ಲಿ ಸ್ವಲ್ಪ ಸಿಟ್ಟೇ ಇದೆ: ಆ ಯು ಗೆರೆಯನ್ನು ನಂಬಿ, ಇಳಿದದ್ದು ತಾನಾಗಿ ಏರುತ್ತದೆ ಎಂದು ಕಾಯುತ್ತ ಮಲಗಿದವನು ನಾನು. ಗೆರೆ ಯಾರನ್ನೂ ಎತ್ತುವುದಿಲ್ಲ.

ನನ್ನನ್ನು ಎತ್ತಿದ್ದು ಗುಂಟೂರಿನ ಒಬ್ಬ ಹುಡುಗ. ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ಅವನಿಗೆ ನನ್ನ ಮನಸ್ಸಿನ ಸ್ಥಿತಿ ಗೊತ್ತಾಗಲಿಲ್ಲ. ಹತ್ತು ದಿನದಿಂದ ನನ್ನ ಕುಕ್ಕರ್ ಒಣಗಿ ಕೂತಿದೆ ಎಂಬುದು ಗೊತ್ತಾಯಿತು. ಒಂದು ಸಂಜೆ ಬಾಗಿಲು ತಟ್ಟಿ, ತಟ್ಟೆಯಲ್ಲಿ ಅನ್ನ, ಗೋಂಗೂರ ಪಚ್ಚಡಿ ಇಟ್ಟುಕೊಂಡು ಒಳಗೆ ಬಂದ. ಬುದ್ಧಿ ಹೇಳಲಿಲ್ಲ. ಉಪ್ಪು ಹುಡುಕುತ್ತ ಮೇಜಿನ ಖಾನೆ ಎಳೆದ. ಲಕೋಟೆಗಳು ನೆಲಕ್ಕೆ ಬಿದ್ದವು. ಎಣಿಸಿದೆವು: ಹತ್ತೊಂಬತ್ತು.

ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಅವನ್ನೆಲ್ಲ ಒಡೆದು ಮೂರು ಗುಂಪು ಮಾಡಿದೆವು: ದುಡ್ಡು ಕಟ್ಟಬೇಕಾದವು, ಉತ್ತರ ಬರೆಯಬೇಕಾದವು, ಸುಮ್ಮನೆ ಬಂದವು. ಅರ್ಧಕ್ಕರ್ಧ ಮೂರನೆಯ ಗುಂಪು. ತೀರಾ ಭಯಪಡಿಸಿದ್ದ ದಪ್ಪ ಲಕೋಟೆ ರೇಡಿಯೊ-ಟಿವಿ ಶುಲ್ಕದ್ದು. ಟಿವಿ ಇರಲಿ ಬಿಡಲಿ, ಜರ್ಮನಿಯಲ್ಲಿ ಪ್ರತಿ ಮನೆಯೂ ಇದನ್ನು ಕಟ್ಟಬೇಕು. ಆಗ ಮೂರು ತಿಂಗಳಿಗೆ 52.50 ಯೂರೊ, ತಡ ಮಾಡಿದ್ದಕ್ಕೆ 8 ಯೂರೊ ದಂಡ. ನಾನು ನನ್ನನ್ನು ದೇಶದಿಂದ ಓಡಿಸುವ ಆದೇಶ ಅಂದುಕೊಂಡಿದ್ದೆ! ಅಂಥ ಹೊತ್ತಿನಲ್ಲಿ ಕಷ್ಟಕ್ಕಿಂತ ಕಷ್ಟದ ಊಹೆ ದೊಡ್ಡದಾಗಿರುತ್ತದೆ; ಅದನ್ನು ಒಡೆದು ನೋಡಲು ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು.

ಎರಡನೆಯ ಗುಂಪಿನಲ್ಲಿ ಪರೀಕ್ಷಾ ಕಚೇರಿಯದು ಸಿಕ್ಕಿತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ. ಕರ್ನಾಟಕದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಪದ್ಧತಿಯಲ್ಲಿ ಓದಿದ ನಮಗೆ ಬ್ಯಾಕ್‌ಲಾಗ್ ಎಂಬುದು ಹೊಸದಲ್ಲ. ಎಷ್ಟು ಸಲ ಬೇಕಾದರೂ ಕಟ್ಟಿ ಬರೆಯಬಹುದು ಎಂಬ ಧೈರ್ಯ ಒಳಗೇ ಕೂತಿರುತ್ತದೆ. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಫೇಲಾದರೆ ಹೆಸರು ಹೊಡೆದುಹಾಕುತ್ತಾರೆ, ಅದೇ ಕೋರ್ಸನ್ನು ಆ ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಓದುವ ಹಾಗಿಲ್ಲ. ಕೇಳಿದರೆ ಎದೆ ನಡುಗುವ ನಿಯಮ. ಅದರ ಮಗ್ಗುಲಲ್ಲೇ ಇರುವ ಮೃದು ನಿಯಮಗಳು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಪರೀಕ್ಷೆಗೆ ಹೆಸರು ಕೊಟ್ಟ ಮೇಲೂ ಇಂತಿಷ್ಟು ದಿನ ಮುಂಚೆ ಹೆಸರು ವಾಪಸ್ ಪಡೆಯಬಹುದು, ಅವಕಾಶ ಖರ್ಚಾಗುವುದಿಲ್ಲ. ಕಾಯಿಲೆ ಬಿದ್ದರೆ ಕೂಡಲೇ ಡಾಕ್ಟರ ಚೀಟಿ ಪಡೆದು ಕೆಲವೇ ದಿನಗಳೊಳಗೆ ಕೊಟ್ಟರೆ ಆ ಸಲ ಲೆಕ್ಕಕ್ಕಿಲ್ಲ. ಎರಡೂ ಮಾಡದೆ ಸುಮ್ಮನೆ ಗೈರಾದರೆ ನೇರವಾಗಿ 5.0. ನನ್ನ ಜ್ವರದ ಐದು ಬಂದದ್ದು ಹೀಗೆ. ಅಂದು ಮಂಚದಿಂದ ಎದ್ದು ಎರಡು ಬೀದಿ ಆಚೆಯ ದವಾಖಾನೆಗೆ ಹೋಗಿದ್ದರೆ ಆ ಐದು ಹುಟ್ಟುತ್ತಲೇ ಇರಲಿಲ್ಲ. ಗಡುವಿನ ದಿನಗಳು ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ. ಸೇರಿದ ಮೊದಲ ವಾರದಲ್ಲೇ ತಮ್ಮ ಕೋರ್ಸಿನ ಪರೀಕ್ಷಾ ನಿಯಮದ ಪುಸ್ತಿಕೆ ತೆಗೆದು ಈ ಮೂರು ಸಾಲು ಹುಡುಕಿಕೊಳ್ಳುವುದು ಒಳ್ಳೆಯದು.

ಅಮೆರಿಕಕ್ಕೆ ಹೋದವರಿಗೆ ಬೇರೆ ಥರದ ಬಲೆ. ಅಲ್ಲಿನ ಎಫ್-1 ವೀಸಾದವರು ಪೂರ್ತಿ ಪ್ರಮಾಣದ ವಿಷಯಗಳನ್ನು ಓದುತ್ತಿರಲೇಬೇಕು. ತಲೆ ಕೆಟ್ಟಿತೆಂದು ತಾವಾಗಿ ಎರಡು ವಿಷಯ ಬಿಟ್ಟರೆ ವೀಸಾ ಸ್ಥಿತಿಗೇ ಕುತ್ತು. ಅದೇ ವೈದ್ಯರ ಪತ್ರ ಹಿಡಿದು ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಮೊದಲೇ ಅನುಮತಿ ಪಡೆದರೆ ಒಂದು ಹಂತದ ಪದವಿಯಲ್ಲಿ ಒಟ್ಟು 12 ತಿಂಗಳವರೆಗೆ ಹೊರೆ ಇಳಿಸಿಕೊಳ್ಳಬಹುದು, ಮಾನಸಿಕ ಅನಾರೋಗ್ಯವೂ ಅದರಲ್ಲಿ ಸೇರುತ್ತದೆ. ‘ಮೊದಲೇ’ ಎಂಬ ಪದದಲ್ಲೇ ಎಲ್ಲ ಇದೆ. ಒಳಗೊಳಗೇ ಸಹಿಸಿ, ಕೊನೆಗೆ ತಡೆಯಲಾರದೆ ಬಿಟ್ಟು, ಆಮೇಲೆ ಹೇಳುವುದು ನಮ್ಮ ರೂಢಿ. ಕಚೇರಿಗಳು ಬಯಸುವುದು ಇದರ ತಿರುಗುಮುರುಗು.

ಪರೀಕ್ಷಾ ಕಚೇರಿಯ ಆ ಪತ್ರದಲ್ಲಿ ಇನ್ನೊಂದು ಸಂಗತಿ ಇತ್ತು: ಉತ್ತರ ಪತ್ರಿಕೆ ನೋಡುವ ದಿನ. ತಿದ್ದಿದ ಪತ್ರಿಕೆಯನ್ನು ಬರೆದವರು ಕೂತು ನೋಡಬಹುದು, ಪ್ರಶ್ನೆ ಕೇಳಬಹುದು. ತಾರೀಕು ಇನ್ನೆರಡು ದಿನದಲ್ಲಿತ್ತು. ಹೋಗುವುದಿಲ್ಲ ಅಂದೆ. ಗುಂಟೂರಿನವನು ಕೇಳಲಿಲ್ಲ, ಬಾಗಿಲವರೆಗೆ ಬಂದು ಬಿಟ್ಟ. ಒಳಗೆ ಪೆನ್ನು ಒಯ್ಯುವಂತಿಲ್ಲ. ಸಂಶೋಧನಾ ಸಹಾಯಕನೊಬ್ಬ ಪತ್ರಿಕೆ ಮುಂದಿಟ್ಟ. 80ಕ್ಕೆ 31. ಪಾಸಾಗಲು 40 ಬೇಕಿತ್ತು. ತೆರೆದು ನೋಡಿದರೆ ಮೊದಲ ಎರಡು ಲೆಕ್ಕ ಹೆಚ್ಚುಕಡಿಮೆ ಪೂರ್ತಿ ಸರಿ; ಕೊನೆಯ ಎರಡರ ಹಾಳೆ ಖಾಲಿ. ಮೊದಲ ಲೆಕ್ಕವನ್ನು ಮೂರು ಮೂರು ಸಲ ಹೊಡೆದು ಬರೆದಿದ್ದೆ. ಸಹಾಯಕ ಹಾಳೆ ತಿರುವುತ್ತ, ಕೊನೆಯದನ್ನು ಮೊದಲು ಮಾಡಿದ್ದರೆ ಪಾಸಾಗುತ್ತಿದ್ದೆಯಲ್ಲ, ಅದು ಸುಲಭದ್ದು ಅಂದ. ಅಷ್ಟೇ ಮಾತು. ಎರಡು ತಿಂಗಳಿಂದ ನಾನು ದಡ್ಡ, ನಾನು ಇಲ್ಲಿಗೆ ಬರಬಾರದಿತ್ತು ಎಂದೆಲ್ಲ ಅಂದುಕೊಂಡು ಮಲಗಿದ್ದವನಿಗೆ, ನನ್ನದು ತೊಂಬತ್ತು ನಿಮಿಷವನ್ನು ಹಂಚಿಕೊಳ್ಳಲು ಬಾರದ ತಪ್ಪು ಎಂದು ಗೊತ್ತಾಯಿತು. ಅದಕ್ಕೆ ಮದ್ದಿದೆ.

ಮಂಚದಿಂದ ಏಳಲಾಗದ್ದಕ್ಕೆ ಮದ್ದು ಬೇರೆ ಕಡೆ ಸಿಕ್ಕಿತು. ಜರ್ಮನಿಯಲ್ಲಿ ಹಾಸ್ಟೆಲು, ಕ್ಯಾಂಟೀನು ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಗಳೇ ಬಹಳ ಊರುಗಳಲ್ಲಿ ಆಪ್ತಸಲಹೆಯನ್ನೂ ಕೊಡುತ್ತವೆ. ಬಿಡಿಗಾಸು ಕೇಳುವುದಿಲ್ಲ, ವಿಶ್ವವಿದ್ಯಾಲಯಕ್ಕಾಗಲಿ ವೀಸಾ ಕಚೇರಿಗಾಗಲಿ ಮಾತು ದಾಟುವುದಿಲ್ಲ. ಮೂರು ವಾರ ಕಾಯಬೇಕಾಯಿತು. ನನ್ನ ಬಾಲ್ಯ, ಕನಸು ಎಲ್ಲ ಕೆದಕುತ್ತಾರೆಂದು ಸಿದ್ಧವಾಗಿ ಹೋದರೆ, ನರೆಗೂದಲಿನ ಆ ಹೆಂಗಸು ಕೇಳಿದ್ದು ನಿನ್ನೆ ಎಷ್ಟು ಗಂಟೆಗೆ ಎದ್ದೆ, ಬಿಸಿ ಊಟ ಕೊನೆಗೆ ಮಾಡಿದ್ದು ಯಾವಾಗ ಎಂದು. ಒಂದು ಹಾಳೆ ಕೊಟ್ಟರು: ಗಂಟೆಗೊಂದು ಮನೆ. ಏನು ಮಾಡಿದೆ, ಮಾಡಿದಾಗ ಮನಸ್ಸು ಹತ್ತಕ್ಕೆ ಎಷ್ಟಿತ್ತು, ಬರೆಯಬೇಕು. ಅಪ್ಪನ ಅಂಗಡಿಯ ರೋಜು ಪುಸ್ತಕದ ಹಾಗೆ. ಒಂದು ವಾರ ಬರೆದ ಮೇಲೆ ಕಂಡದ್ದು: ಹೊರಗೆ ನಡೆದ ದಿನ, ಅದೂ ಬೆಳಿಗ್ಗೆ, ಮನಸ್ಸು ನಾಲ್ಕಕ್ಕೆ ಏರಿತ್ತು. ಉಳಿದಂತೆ ಎರಡು.

ಇದಕ್ಕೊಂದು ಶಾಸ್ತ್ರವಿದೆಯೆಂದು ಆಮೇಲೆ ಓದಿದೆ. ಅಮೆರಿಕದ ಒರೆಗಾನ್‌ನಲ್ಲಿ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಹೇಳಿದ್ದು ಸರಳ: ಮನಸ್ಸು ಕುಗ್ಗಿದಾಗ ಮನುಷ್ಯ ಕೆಲಸ ಬಿಡುತ್ತಾನೆ, ಕೆಲಸ ಬಿಟ್ಟಾಗ ಅದರಿಂದ ಸಿಗುತ್ತಿದ್ದ ಸಣ್ಣ ಸುಖಗಳೂ ನಿಲ್ಲುತ್ತವೆ, ಆಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಗಾಣದ ಎತ್ತಿನ ಸುತ್ತು. ಮನಸ್ಸು ಸರಿಹೋದ ಮೇಲೆ ಎದ್ದು ಓಡಾಡುತ್ತೇನೆ ಎಂದು ಕಾದರೆ ಅದು ಬರುವುದಿಲ್ಲ. ಓಡಾಡಿದರೆ ಮನಸ್ಸು ಹಿಂದೆ ಬರುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಖಿನ್ನತೆಯ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ದಿನಚರಿಯನ್ನು ಕಟ್ಟುವ ಈ ಒಂದು ಭಾಗವೇ ಪೂರ್ತಿ ಚಿಕಿತ್ಸೆಯಷ್ಟು ಕೆಲಸ ಮಾಡುತ್ತದೆ ಎಂದು ತೋರಿಸಿದರು.

ಈ ಶಾಸ್ತ್ರ ಹುಟ್ಟುವುದಕ್ಕೆ ಎಂಬತ್ತು ವರ್ಷ ಮುಂಚೆ ಲಂಡನ್ನಿನಲ್ಲಿ ಒಬ್ಬ ಭಾರತೀಯ ವಿದ್ಯಾರ್ಥಿ ಇದನ್ನೇ ಮಾಡಿದ್ದ. 1888ರಲ್ಲಿ ಬ್ಯಾರಿಸ್ಟರಾಗಲು ಹೋದ ಮೋಹನದಾಸ ಗಾಂಧಿ ಮೊದಲ ದಿನಗಳಲ್ಲಿ ಮನೆ ನೆನೆದು ರಾತ್ರಿಯೆಲ್ಲ ಅತ್ತದ್ದನ್ನು ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಆಮೇಲೆ ಇಂಗ್ಲಿಷ್ ಸಜ್ಜನನಾಗುವ ಹುಚ್ಚು ಹಿಡಿಯಿತು: ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸೂಟು, 3 ಪೌಂಡಿನ ಪಿಟೀಲು, ನೃತ್ಯ ಪಾಠ, ಫ್ರೆಂಚ್ ಪಾಠ. ಮೂರು ತಿಂಗಳಿಗೆ ಸಾಕಾಯಿತು. ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆ ಕಟ್ಟಿದರು; ಲ್ಯಾಟಿನ್‌ನಲ್ಲಿ ಫೇಲಾದರು. ಆ ದಿನಗಳಲ್ಲಿ ಅವರು ಮಾಡಿದ್ದು ನೋಡಬೇಕು. ಎರಡು ಕೋಣೆ ಬಿಟ್ಟು ಒಂದಕ್ಕೆ ಬಂದರು. ಒಲೆ ಕೊಂಡು ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಕೊಕೊ. ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆ. ಬಿಡಿಗಾಸಿನ ಲೆಕ್ಕವನ್ನೂ ಬರೆದಿಟ್ಟರು. ಪ್ರಯೋಗವಿಲ್ಲದೆ ರುಚಿಸದ ರಸಾಯನಶಾಸ್ತ್ರವನ್ನು ಕೈಬಿಟ್ಟು ಎರಡನೆಯ ಸಲ ಉಷ್ಣ ಮತ್ತು ಬೆಳಕು ಎಂಬ ವಿಷಯ ತೆಗೆದುಕೊಂಡರು. ಪಾಸಾದರು. ನನಗೆ ಇಲ್ಲಿ ಮಹಾತ್ಮ ಕಾಣುವುದಿಲ್ಲ. ವಿಷಯ ಬದಲಿಸಿ, ಬಾಡಿಗೆ ಇಳಿಸಿ, ಗಂಜಿ ಕುಡಿದು ಸಪ್ಲಿಮೆಂಟರಿ ಪಾಸಾದ ಜಾಣ ವಿದ್ಯಾರ್ಥಿ ಕಾಣುತ್ತಾನೆ.

ಅಂಬೇಡ್ಕರರ ದಾರಿ ಇನ್ನೂ ಕಡಿದು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ. 1917ರಲ್ಲಿ ವೇತನ ಮುಗಿಯಿತು, ಓದು ಅರ್ಧಕ್ಕೆ ನಿಂತಿತು. ಬೇರೆ ಹಡಗಿನಲ್ಲಿ ಕಳಿಸಿದ ಪುಸ್ತಕಗಳು ಯುದ್ಧದ ಟಾರ್ಪಿಡೊಗೆ ಸಿಕ್ಕಿ ಸಮುದ್ರ ಸೇರಿದವು. ಬರೋಡಾದಲ್ಲಿ ಜಾತಿಯ ಕಾರಣಕ್ಕೆ ನೆಲೆ ನಿಲ್ಲಲು ಒಂದು ಸೂರೂ ಸಿಗಲಿಲ್ಲ. ಆದರೆ ಲಂಡನ್ ಬಿಡುವಾಗ ಅವರು ಒಂದು ಕೆಲಸ ಮಾಡಿದ್ದರು: ನಾಲ್ಕು ವರ್ಷದೊಳಗೆ ಮರಳಿ ಓದು ಮುಂದುವರಿಸುತ್ತೇನೆಂದು ವಿಶ್ವವಿದ್ಯಾಲಯದಿಂದ ಅನುಮತಿ ಪಡೆದಿದ್ದರು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಪಾರ್ಸಿ ಗೆಳೆಯನ ಸಾಲ ಕೂಡಿಸಿಕೊಂಡು 1920ರಲ್ಲಿ ಮರಳಿದರು. ರೂಪಾಯಿಯ ಸಮಸ್ಯೆ ಕುರಿತ ಅವರ ಪ್ರಬಂಧವನ್ನು ಪರೀಕ್ಷಕರು ತಿದ್ದಲು ವಾಪಸ್ ಕಳಿಸಿದರು. ತಿದ್ದಿ ಕೊಟ್ಟು 1923ರಲ್ಲಿ ಡಿ.ಎಸ್ಸಿ. ಪಡೆದರು. ನಡುವೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲೂ ಹೆಸರು ನೋಂದಾಯಿಸಿದ್ದರು, ಆ ಓದು ಮುಂದುವರಿಯಲಿಲ್ಲ. ಅವರ ಛಲ ಎಲ್ಲರ ಬಾಯಲ್ಲೂ ಇದೆ. ಆ ಅನುಮತಿ ಪತ್ರದ ಬಗ್ಗೆ ಮಾತಾಡುವವರು ಕಡಿಮೆ.

ನನ್ನ ಅನುಮತಿ ಪತ್ರ ತೀರಾ ಸಣ್ಣದು. ಆರರ ಬದಲು ನಾಲ್ಕು ವಿಷಯ, ನಾಲ್ಕು ಸೆಮಿಸ್ಟರ್‌ನ ಬದಲು ಐದು. ಹೆಚ್ಚುವರಿ ಆರು ತಿಂಗಳ ಖರ್ಚಿಗೆ ಕ್ಯಾಂಟೀನಿನಲ್ಲಿ ತೊಳೆಯಬೇಕಾದ ತಟ್ಟೆಗಳು ಬೆಲ್ಟ್ ಮೇಲೆ ಸಾಲಾಗಿ ಬರುವ ಕಡೆ ಕೆಲಸಕ್ಕೆ ನಿಂತೆ. ಆಗ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 120 ಪೂರ್ಣ ದಿನ ದುಡಿಯಬಹುದಿತ್ತು, ಈಗ 140. ಓದಿಗಿಂತ ಆ ಕೆಲಸ ನನ್ನನ್ನು ಬೇಗ ಗುಣಪಡಿಸಿತೆಂದು ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಲೇಬೇಕು, ಕೆಲಸ ಮುಗಿದ ಮೇಲೆ ಬಿಸಿ ಊಟ, ಬಾಯಿ ತುಂಬ ಬೈಯುವ ಮೇಸ್ತ್ರಿ.

ಇನ್ನೊಂದು ಮದ್ದು ಕನ್ನಡ. ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ಇಂಗ್ಲಿಷ್‌ನಲ್ಲಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದ ಕಾಲದಲ್ಲೇ ‘ಸಂಸ್ಕಾರ’ ಬರೆದದ್ದು. ಇಂಗ್ಲಿಷ್ ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜೊತೆ ನೋಡಿದ, ಸ್ವೀಡನ್‌ನ ನಿರ್ದೇಶಕ ಬರ್ಗ್‌ಮನ್‌ರ ಸಿನಿಮಾವೊಂದು ಅದಕ್ಕೆ ಕಿಡಿಯಾಯಿತೆಂಬ ಕಥೆ ನಮ್ಮಲ್ಲಿ ಪ್ರಸಿದ್ಧ. ಕಾದಂಬರಿ ಬರೆಯುವ ಶಕ್ತಿ ನನಗಿಲ್ಲ. ಆದರೆ ದಿನವಿಡೀ ಎರಡು ಪರಭಾಷೆಗಳಲ್ಲಿ ತಡವರಿಸಿದ ಮೇಲೆ ನಾಲ್ಕು ಸಾಲು ಕನ್ನಡ ಬರೆದರೆ ನಾಲಿಗೆ ತನ್ನ ಜಾಗಕ್ಕೆ ಬಂದಂತಾಗುವುದು ನಿಜ. ಆ ಗಂಟೆ ಲೆಕ್ಕದ ಹಾಳೆಯನ್ನು ನಾನು ಕನ್ನಡದಲ್ಲೇ ಬರೆದೆ. ಫ್ರಾಂಕ್‌ಫರ್ಟ್ ಸುತ್ತಿನವರ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್‌ನ ಸಿರಿಗನ್ನಡಕೂಟ ಯುಗಾದಿ, ರಾಜ್ಯೋತ್ಸವ ಮಾಡುತ್ತವೆ. ಹೋಗಬೇಕು, ಬಿಸಿಬೇಳೆಬಾತಿಗಾದರೂ. ಒಂದು ಎಚ್ಚರ: ಕೆಲಸ ಸಿಕ್ಕವರೇ ಹೆಚ್ಚಿರುವ ಅಂಥ ಸಭೆಯಲ್ಲಿ ಫೇಲಾದವನು ಇನ್ನೊಮ್ಮೆ ‘ಚೆನ್ನಾಗಿದ್ದೀನಿ’ ಎನ್ನಬೇಕಾಗುತ್ತದೆ. ನಾನು ಹೋದದ್ದು ಎರಡನೆಯ ವರ್ಷ.

ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳುವ ಸಲುಗೆ ಇದ್ದರೆ: ‘ಊಟ ಆಯ್ತಾ’ ಎಂದು ಕೇಳಬೇಡಿ, ‘ಏನು ಅಡುಗೆ ಮಾಡ್ದೆ’ ಎಂದು ಕೇಳಿ. ಮೊದಲನೆಯದಕ್ಕೆ ಒಂದು ಪದದ ಸುಳ್ಳು ಸಾಕು. ಎರಡನೆಯದಕ್ಕೆ ಸಾರು ಕುದಿಸಬೇಕಾಗುತ್ತದೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಿಮ್ಮ ಮಧ್ಯಾಹ್ನ ಎರಡಕ್ಕೆ ಅಲ್ಲಿ ಒಂಬತ್ತೂವರೆ. ಆ ಹೊತ್ತಿಗೆ ಮಾಡಿದ ಕರೆಗೆ ವಾರಗಟ್ಟಲೆ ನಿದ್ದೆಗಣ್ಣಿನ ದನಿ ಬರುತ್ತಿದ್ದರೆ ಅಂಕ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಮನೆಯಲ್ಲಿ ಯಾರಿಗೆ ಹೇಳಿದರೆ ಅಳುವುದಿಲ್ಲವೋ ಅವರಿಗೆ ಮೊದಲು ಹೇಳು ಎಂದು ಆ ಆಪ್ತಸಲಹೆಗಾರ್ತಿ ನನಗೆ ಅಂದಿದ್ದರು. ಹಾಸನದಲ್ಲಿರುವ ಅಕ್ಕನಿಗೆ ಮೇ ತಿಂಗಳಲ್ಲಿ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, ‘ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಲಿ ನಂದೂ ಹೋಗಿತ್ತು, ನಿನಗೆ ಯಾರೂ ಹೇಳಿಲ್ಲ ಅಷ್ಟೇ’ ಅಂದಳು.

ಬದುಕೇ ಬೇಡವೆನಿಸುವ ಮಟ್ಟಕ್ಕೆ ಮನಸ್ಸು ಕುಸಿದಿದ್ದರೆ ಮಾತ್ರ ಹಾಳೆ, ನಡಿಗೆ ಯಾವುದೂ ಸಾಲದು. ಮೂರು ವಾರ ಕಾಯಲೂ ಬಾರದು. ಜರ್ಮನಿಯಲ್ಲಿ 112 ತುರ್ತು ಸಂಖ್ಯೆ. 0800 1110111ಕ್ಕೆ ಹಗಲು ರಾತ್ರಿ ಬಿಟ್ಟಿಯಾಗಿ ಫೋನು ಮಾಡಿ ಮಾತಾಡಬಹುದು. ರಾತ್ರಿ ಡಾಕ್ಟರು ಬೇಕಾದರೆ 116117. ಕೆಲವು ಊರುಗಳಲ್ಲಿ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಕರೆ ಎತ್ತಿಕೊಳ್ಳುವ ನೈಟ್‌ಲೈನ್ ಇದೆ. 1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ ಅದು. ಪಕ್ಕದ ಕೋಣೆಯವನ ಕುಕ್ಕರ್ ಒಣಗಿದೆಯೆಂದು ಕಂಡವರೂ ಈ ಸಂಖ್ಯೆಗಳನ್ನು ಇಟ್ಟುಕೊಂಡಿರಬೇಕು.

ಆಗಸ್ಟ್ ಕೊನೆಗೆ ಕಂಟಿನ್ಯೂಮ್ ಮೆಕ್ಯಾನಿಕ್ಸ್ ಎರಡನೆಯ ಸಲ ಬರೆದೆ. ಮೊದಲ ಐದು ನಿಮಿಷ ಪೆನ್ನು ಮುಟ್ಟದೆ ಪ್ರಶ್ನೆಗಳಿಗೆ ಸಮಯ ಹಂಚಿದೆ. ಕೊನೆಯದನ್ನು ಮೊದಲು ಮಾಡಿದೆ. ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಬಂದ ಭಾನುವಾರ ನಾನೇ ಫೋನು ಮಾಡಿದೆ.

‘ಅಮ್ಮ, ರಿಸಲ್ಟ್ ಬಂತು. ಮೂರೂ ಪಾಯಿಂಟ್ ಏಳು. ಪಾಸು.’

‘ಮೂರಾ? ಯಾಕೋ, ಆವಾಗ ಐದು ಬಂದಿತ್ತಲ್ಲ?’

ಹೇಳಿದೆ. ಏಣಿ ತಲೆಕೆಳಗೆಂದು ಹೇಳಿದೆ, ಐದರ ಅರ್ಥ ಹೇಳಿದೆ, ಒಡೆಯದ ಲಕೋಟೆಗಳನ್ನು ಹೇಳಿದೆ, ತಟ್ಟೆ ತೊಳೆಯುವ ಬೆಲ್ಟನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

‘ಹಂಗಾದ್ರೆ ಆ ಐದು ಫೇಲಾ?’

‘ಹೂಂನಮ್ಮ.’

‘ಅಯ್ಯೋ ನಿನ್ನ! ಆ ಐದಕ್ಕೆ ನಾನು ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ್ದೆ ಕಣೋ!’

ಹಿಂದಿನಿಂದ ಅಪ್ಪ ನಕ್ಕದ್ದು ಕೇಳಿಸಿತು. ‘ಕೊಬ್ಬರಿ ಮನೇದೇ ತಾನೆ,’ ಅಂದರು, ‘ಇನ್ನೊಂದ್ಸಲ ಮಾಡು.’